ಟುಸ್ಟ್ರಿಂಗ್ ಹಾಕಿದ ಮೇಲೆ ಚೈನ್ ಯಾಕೆ ಮುಂದುವರಿಯುವುದಿಲ್ಲ?

ಜಾವಾದಲ್ಲಿ ಚುಕ್ಕಿ ಹಾಕಿ ಒಂದರ ಹಿಂದೆ ಒಂದು ಕರೆಯುತ್ತಾ ನೀವೇ ಬರೆದ ಕ್ಲಾಸಿನ ಮೆಥಡ್‌ಗಳನ್ನು ಚೈನ್ ಮಾಡಿದ್ದೀರಿ. ನಡುವೆ ಟುಸ್ಟ್ರಿಂಗ್ (ಆಬ್ಜೆಕ್ಟನ್ನು ಸ್ಟ್ರಿಂಗ್ ಆಗಿ, ಅಂದರೆ ಪಠ್ಯವಾಗಿ ಕೊಡುವ ಮೆಥಡ್) ಹಾಕಿದರೆ ಮುಂದಿನ ಮೆಥಡ್ ಇಲ್ಲ ಎಂದು ಕಂಪೈಲರ್ ಬೈಯುತ್ತದೆ. ಅದನ್ನು ತೆಗೆದು ಪ್ರಿಂಟ್ ಮಾಡಿದರೆ ಕ್ಲಾಸಿನ ಹೆಸರೂ ಏನೇನೋ ಅಂಕಿ-ಅಕ್ಷರಗಳೂ ಬರುತ್ತವೆ. ಇದೇ ನಿಮ್ಮ ತೊಂದರೆ, ಅಲ್ವಾ?

ಚೈನ್ ಓದುವಾಗ ನಾನು ಪ್ರತಿ ಚುಕ್ಕಿಯ ಹತ್ತಿರವೂ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಈಗ ಕೈಯಲ್ಲಿರುವುದು ಯಾವ ಟೈಪು? ನಿಮ್ಮ ಮೆಥಡ್ ಕೊನೆಯಲ್ಲಿ 'ದಿಸ್' ಅನ್ನು, ಅಂದರೆ ತನ್ನನ್ನು ಕರೆದ ಆಬ್ಜೆಕ್ಟನ್ನೇ, ರಿಟರ್ನ್ ಮಾಡುತ್ತಿರುವಷ್ಟು ಹೊತ್ತೂ ಕೈಯಲ್ಲಿ ಇರುವುದು ಅದೇ ಆಬ್ಜೆಕ್ಟ್. ಟುಸ್ಟ್ರಿಂಗ್ ಕರೆದ ಕ್ಷಣ ಅದು ಹೋಗಿ ಸ್ಟ್ರಿಂಗ್ ಬಂತು. ಅಲ್ಲಿಂದ ಮುಂದೆ ಟ್ರಿಮ್, ಟುಅಪ್ಪರ್‌ಕೇಸ್‌ನಂಥ ಸ್ಟ್ರಿಂಗಿನ ಮೆಥಡ್‌ಗಳು ಮಾತ್ರ ಸಿಗುತ್ತವೆ. ಹಾಗಾಗಿ ಟುಸ್ಟ್ರಿಂಗ್ ನಿಮ್ಮ ಮೆಥಡ್‌ಗಳೆಲ್ಲ ಮುಗಿದ ಮೇಲೆ ಬರಲಿ.

ಎರಡನೆಯದು ಸುಲಭ. ನೀವು ಕ್ಲಾಸಿನಲ್ಲಿ ನಿಮ್ಮದೇ ಟುಸ್ಟ್ರಿಂಗ್ ಬರೆದು ಮೂಲದ್ದನ್ನು ಓವರ್‌ರೈಡ್ ಮಾಡಿಲ್ಲ. ಆಗ ಎಲ್ಲ ಕ್ಲಾಸುಗಳಿಗೂ ಮೂಲವಾದ 'ಆಬ್ಜೆಕ್ಟ್' ಎಂಬ ಕ್ಲಾಸಿನದ್ದೇ ಓಡುತ್ತದೆ. ಅದು ಕೊಡುವುದು ಕ್ಲಾಸಿನ ಹೆಸರು ಮತ್ತು 16ರ ಆಧಾರದಲ್ಲಿ ಬರೆದ, ಆಬ್ಜೆಕ್ಟಿಗೆ ಸಿಗುವ ಒಂದು ಸಂಖ್ಯೆ, ಅಂದರೆ ಹ್ಯಾಶ್‌ಕೋಡ್. ಓವರ್‌ರೈಡ್ ಮಾಡಿದರೆ ಪ್ರಿಂಟ್‌ಲೈನ್ ತಾನೇ ಅದನ್ನು ಕರೆಯುತ್ತದೆ. ಟುಸ್ಟ್ರಿಂಗ್ ಎಂದು ನೀವೇ ಬರೆದು ಕರೆಯಬೇಕಾದದ್ದು ಸ್ಟ್ರಿಂಗ್ ವೇರಿಯಬಲ್‌ಗೆ ಹಾಕುವಾಗ, ಇಲ್ಲವೇ ಸ್ಟ್ರಿಂಗ್ ಬೇಡುವ ಮೆಥಡ್‌ಗೆ ಕೊಡುವಾಗ.

ಜನ ಜಾಸ್ತಿ ಎಡವುವುದು ಬೇರೆ ಕಡೆ. ಪಠ್ಯವನ್ನು ತುಂಡು ತುಂಡಾಗಿ ಜೋಡಿಸಲು ಇರುವ ಸ್ಟ್ರಿಂಗ್‌ಬಿಲ್ಡರ್‌ನ ಅಪೆಂಡ್ ಅದೇ ಆಬ್ಜೆಕ್ಟನ್ನು ಬದಲಿಸಿ ಅದನ್ನೇ ವಾಪಸ್ ಕೊಡುತ್ತದೆ. ಸ್ಟ್ರಿಂಗ್ ಹಾಗಲ್ಲ, ಒಮ್ಮೆ ಆದ ಮೇಲೆ ಬದಲಾಗುವುದೇ ಇಲ್ಲ. ಟುಅಪ್ಪರ್‌ಕೇಸ್ ಕೊಡುವ ಫಲಿತಾಂಶವನ್ನು ಹಿಡಿದಿಟ್ಟುಕೊಳ್ಳದೆ ಸುಮ್ನೆ ಕರೆದು ಬಿಟ್ಟರೆ ಏನೂ ಆಗಿರುವುದಿಲ್ಲ. ನೋಡಲು ಎರಡೂ ಒಂದೇ ತರಹದ ಚೈನ್, ಕೆಲಸ ಮಾತ್ರ ಬೇರೆ. ಈ ಗೊಂದಲ ಬೇಡವೆಂದೇ ಪೈಥಾನಿನಲ್ಲಿ ಲಿಸ್ಟಿನ ಸಾರ್ಟ್ ಮೆಥಡ್ ಏನನ್ನೂ ವಾಪಸ್ ಕೊಡುವುದಿಲ್ಲ. ಲಿಸ್ಟೇ ಬದಲಾಗಿದೆ ಎಂದು ಅದು ನೆನಪಿಸುತ್ತದೆ. ಚೈನ್ ನಿಂತು ಹೋದರೂ ನನಗೆ ಈ ನಿರ್ಧಾರ ಇಷ್ಟ.

ಬಿಲ್ಡರನ್ನು ಸ್ಟ್ರಿಂಗ್ ಜೊತೆ ಈಕ್ವಲ್ಸ್‌ನಿಂದ ಹೋಲಿಸಬೇಡಿ. ಅಕ್ಷರಗಳು ಒಂದೇ ಇದ್ದರೂ ಉತ್ತರ ಫಾಲ್ಸ್, ಯಾಕೆಂದರೆ ಟೈಪು ಬೇರೆ. ಮೊದಲು ಟುಸ್ಟ್ರಿಂಗ್ ಮಾಡಿ, ಅಥವಾ ಸ್ಟ್ರಿಂಗಿನ ಕಂಟೆಂಟ್‌ಈಕ್ವಲ್ಸ್ ಬಳಸಿ.

ನಿಮ್ಮ ಟುಸ್ಟ್ರಿಂಗ್ ಒಳಗೆ ಆಬ್ಜೆಕ್ಟಿನ ಯಾವ ಫೀಲ್ಡನ್ನೂ ಬದಲಿಸಬೇಡಿ. ಡಿಬಗ್ಗರ್ ಮೌಲ್ಯ ತೋರಿಸಲು ಅದನ್ನು ತಾನಾಗಿಯೇ ಕರೆಯುವುದುಂಟು. ಲಾಗ್ ಬರೆಯುವಾಗಲೂ ಅದು ಓಡುತ್ತದೆ. ಆಗ ಲಾಗ್ ಸಾಲು ಸೇರಿಸಿದ ಮಾತ್ರಕ್ಕೇ ಪ್ರೋಗ್ರಾಮಿನ ಉತ್ತರ ಬದಲಾಗಬಹುದು. ಅಂಥ ದೋಷ ಹುಡುಕುವುದು ತುಂಬಾ ಕಷ್ಟ.