ಮಲೆನಾಡಲ್ಲಿ ಫೀಲ್ಡಿಗೆ ಹೋಗ್ದೆ ವಿಮಾನ ಸರ್ವೆ ಡೇಟಾ, ಜಿಐಎಸ್ (ಕಂಪ್ಯೂಟರಲ್ಲಿ ನಕ್ಷೆ ಮಾಡೋ ಸಾಫ್ಟ್‌ವೇರ್) ಇಟ್ಕೊಂಡೇ ಜಿಯಾಲಜಿ ಮ್ಯಾಪ್ ಮಾಡ್ಬೋದಾ?

ತೀರ್ಥಹಳ್ಳಿ ಕಡೆ ಎಲ್ಲಿ ನೋಡಿದ್ರೂ ಕಾಡು, ಜಂಬಿಟ್ಟಿಗೆ, ಬಂಡೆನೇ ಸಿಗಲ್ಲ ಅಂತ ಬರ್ದಿದೀರ, ನಿಜ. ಆದ್ರೂ ಡೇಟಾದಿಂದ ಅರ್ಧ ಕೆಲಸ ಆಗತ್ತೆ, ಉಳಿದರ್ಧಕ್ಕೆ ನಡೀಲೇಬೇಕು. ನಾನೂ ಶಿವಮೊಗ್ಗದವನೇ, ಇದೇ ಕೆಲಸ ಮಾಡ್ತೀನಿ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳ್ತೀನಿ.

ವಿಮಾನದಿಂದ ನೆಲದ ವಿಕಿರಣ ಅಳೆದು ಮಾಡೋ ಗಾಮಾ ಕಿರಣದ ಮ್ಯಾಪ್ ನೋಡಿ ತಕ್ಷಣ ನಂಬ್ಬೇಡಿ. ಪೊಟ್ಯಾಸಿಯಂ, ಯುರೇನಿಯಂ, ಥೋರಿಯಂ ಮೂರೂ ಬಣ್ಣದಲ್ಲಿ ಚೆಂದ ಕಾಣತ್ತೆ, ಆದ್ರೆ ಆ ಸಿಗ್ನಲ್ ಬರೋದು ನೆಲದ ಮೇಲಿನ ಒಂದು ಒಂದೂವರೆ ಅಡಿಯಿಂದ ಅಷ್ಟೇ, ಅದನ್ನೂ ಮರ, ಒದ್ದೆ ಮಣ್ಣು ತಡೀತವೆ. ಜಂಬಿಟ್ಟಿಗೆ ಆಗೋವಾಗ ಮಳೆನೀರಲ್ಲಿ ಪೊಟ್ಯಾಸಿಯಂ ತೊಳ್ದು ಹೋಗತ್ತೆ, ಥೋರಿಯಂ ಉಳ್ಕೊಳತ್ತೆ, ಹಾಗಾಗಿ ನೀವು ನೋಡ್ತಿರೋದು ಕೆಳಗಿನ ಕಲ್ಲಲ್ಲ, ಮೇಲಿನ ಹೊದಿಕೆ.

ಅದೇ ಥರ ವಿಮಾನದಿಂದ ಕಲ್ಲಿನ ಕಾಂತತ್ವ ಅಳೆಯೋ ಮ್ಯಾಗ್ನೆಟಿಕ್ ಡೇಟಾನೇ ನಮ್ಗೆ ಆಧಾರ, ಅದಕ್ಕೆ ಕಾಡು ಅಡ್ಡ ಬರಲ್ಲ. ಕುದುರೆಮುಖ, ಬಾಬಾಬುಡನ್‌ಗಿರಿಯಲ್ಲಿರೋ ಮ್ಯಾಗ್ನೆಟೈಟ್ ಅದಿರಿನ ಪಟ್ಟಿಗಳು ಇದ್ರಲ್ಲಿ ಎದ್ದು ಕಾಣೋ ಥರದವು, ಪದರ ಎಲ್ಲಿ ಮಡಚಿದೆ ಅನ್ನೋದನ್ನೂ ಹಿಡೀಬೋದು. ಆದ್ರೆ ಇಲ್ಲೊಂದು ದೊಡ್ಡ ತೊಡಕಿದೆ, ಇದನ್ನ ಹೊರದೇಶದ ಪಠ್ಯ ಓದ್ಕೊಂಡು ಬಂದೋರು ಯೋಚ್ನೆ ಮಾಡೋದೇ ಕಮ್ಮಿ: ನಾವಿರೋದು ಕಾಂತೀಯ ಸಮಭಾಜಕದ ಹತ್ರ, ಭೂಮಿಯ ಕಾಂತಕ್ಷೇತ್ರ ಇಲ್ಲಿ ಹೆಚ್ಚುಕಮ್ಮಿ ಅಡ್ಡಡ್ಡ ಉತ್ತರ ದಕ್ಷಿಣಕ್ಕೆ ಮಲಗಿರತ್ತೆ, ಅದೇ ದಿಕ್ಕಲ್ಲಿ ಉದ್ದಕ್ಕೆ ಹೋಗೋ ಡೈಕ್ (ಬಿರುಕಲ್ಲಿ ಶಿಲಾರಸ ನುಗ್ಗಿ ಗಟ್ಟಿಯಾದ ಗೋಡೆಯಂಥ ಕಲ್ಲು) ಅಥವಾ ಪದರ ಇದ್ರೆ ಅದರ ಸಿಗ್ನಲ್ ತುಂಬಾ ಸಪ್ಪೆ, ಪೂರ್ವ ಪಶ್ಚಿಮದ್ದಾದ್ರೆ ಚೆನ್ನಾಗಿ ಬರತ್ತೆ. ನಮ್ಮ ಶಿವಮೊಗ್ಗ ಶಿಸ್ಟ್ ಪಟ್ಟಿ (ಹಳೇ ರೂಪಾಂತರ ಶಿಲೆಗಳ ಉದ್ದನೆ ಪಟ್ಟಿ) ಹಾಯೋದೇ ಉತ್ತರ ವಾಯುವ್ಯದಿಂದ ದಕ್ಷಿಣ ಆಗ್ನೇಯಕ್ಕೆ! ಅದಕ್ಕೆ ಮ್ಯಾಪಲ್ಲಿ ಕಾಣ್ಲಿಲ್ಲ ಅಂದ್ರೆ ಅಲ್ಲಿಲ್ಲ ಅಂತ ಬರೀಬೇಡಿ. ಧ್ರುವಕ್ಕೆ ಇಳಿಸೋ ಫಿಲ್ಟರ್ (ಕಾಂತ ಧ್ರುವದಲ್ಲಿ ಅಳೆದಿದ್ರೆ ಹೇಗೆ ಕಾಣ್ತಿತ್ತೋ ಹಾಗೆ ಡೇಟಾ ಬದಲಾಯಿಸೋ ಲೆಕ್ಕ) ಕೂಡ ಇಲ್ಲಿ ಉತ್ತರ ದಕ್ಷಿಣ ಸುಳ್ಳು ಗೆರೆ ಹುಟ್ಟಿಸತ್ತೆ, ಅನಲಿಟಿಕ್ ಸಿಗ್ನಲ್ (ಕಾಂತಕ್ಷೇತ್ರ ಎಷ್ಟು ಬೇಗ ಬದಲಾಗತ್ತೆ ಅಂತ ತೋರ್ಸೋ ಇನ್ನೊಂದು ಲೆಕ್ಕ) ಪಕ್ಕದಲ್ಲಿಟ್ಟು ಹೋಲ್ಸಿ ನೋಡಿ.

ಜಿಐಎಸ್ ಕಡೆ ಹೇಳೋದು ಕಮ್ಮಿ. ಕ್ಯೂಜಿಐಎಸ್ ಅನ್ನೋ ಉಚಿತ ಸಾಫ್ಟ್‌ವೇರ್ ಸಾಕು, ನಕ್ಷೆಯ ನಿರ್ದೇಶಾಂಕಕ್ಕೆ ಯುಟಿಎಂ 43 ಉತ್ತರ ವಲಯ ಇಡಿ, ಹಳೇ ಟೋಪೋಶೀಟ್ (ನೆಲದ ಏರಿಳಿತ ತೋರ್ಸೋ ನಕ್ಷೆ) ಎವರೆಸ್ಟ್ ಡೇಟಮ್ಮಲ್ಲಿ, ಅಂದ್ರೆ ಅಕ್ಷಾಂಶ ರೇಖಾಂಶ ಅಳೆಯೋ ಹಳೇ ಆಧಾರದಲ್ಲಿ ಇರತ್ತೆ, ಬದಲಾಯಿಸ್ದೇ ಹಾಕಿದ್ರೆ ಎಲ್ಲಾ ಪಕ್ಕಕ್ಕೆ ಸರಿಯತ್ತೆ.

ಆಮೇಲೆ ಬೇಸಿಗೇಲಿ ಹೊರಡಿ, ಹಳ್ಳ ಬತ್ತಿದಾಗ ತಳದಲ್ಲಿ ಕಲ್ಲು ಸಿಗತ್ತೆ, ಘಾಟಿ ರಸ್ತೆ ಕಡಿದ ಜಾಗ, ಹೊಸ ಬಾವಿ, ಬೋರ್ ಕೊರೆದಾಗ ಬರೋ ಪುಡಿ, ಯಾವ್ದನ್ನೂ ಬಿಡ್ಬೇಡಿ. ಕಣ್ಣಾರೆ ಕಂಡ ಗಡಿಗೆ ಪೂರ್ತಿ ಗೆರೆ, ಡೇಟಾದಿಂದ ಊಹಿಸಿದ್ದಕ್ಕೆ ತುಂಡು ಗೆರೆ ಹಾಕಿ, ಯಾವ ಆಧಾರದ ಮೇಲೆ ಎಳೆದ್ರಿ ಅಂತ ಟೇಬಲ್ಲಲ್ಲಿ ಒಂದು ಕಾಲಂ ಇಟ್ಟು ಬರೀರಿ.