ಗುಡಿಸಿಟ್ಟ ತೋಟದ ಮೋಹ

ಪತ್ರ: ಮೂರು ಎಕರೆ ಮಾವಿನ ಸಾಲುಗಳ ನಡುವೆ ಹುರುಳಿ ಬಿತ್ತಿದ್ದೇನೆ. ಈಗ ಹೂವಾಗಿದೆ. ತೋಟ ಪಾಳುಬಿಟ್ಟಿದ್ದೀಯಾ ಎಂದು ಊರಿನವರು ಆಡಿಕೊಳ್ಳುತ್ತಾರೆ. ಹುರುಳಿ ನೀರೆಲ್ಲ ಕುಡಿಯುತ್ತದೆ, ಹಾವು ಸೇರುತ್ತದೆ, ಟ್ರ್ಯಾಕ್ಟರ್ ಹೊಡೆಸು ಎಂದು ತಂದೆಯವರು ಹಟ ಹಿಡಿದಿದ್ದಾರೆ. ಏನು ಮಾಡಲಿ?
– ಒಬ್ಬ ಓದುಗ, ನಾಗಮಂಗಲ ತಾಲ್ಲೂಕು

ಉತ್ತರ: ಟ್ರ್ಯಾಕ್ಟರ್ ಹೊಡೆಸಬೇಡಿ.

ತಂದೆಯವರ ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆ. ಎಳೆಯ ಗಿಡಕ್ಕೆ ಬಳ್ಳಿ ಹಬ್ಬಿದರೆ ಗಿಡ ಸೊರಗುತ್ತದೆ, ಬುಡದ ಸುತ್ತ ಒಂದು ಮಾರು ಬಿಡಬೇಕು. ಹಾವಿನ ಭಯವೂ ಸುಳ್ಳಲ್ಲ. ಓಡಾಡುವ ದಾರಿಯನ್ನು ಸವರಿಟ್ಟುಕೊಳ್ಳಿ.

ಆದರೆ ನೀರಿನ ಮಾತು ಬೇರೆ. ಹೂ ಬಿಡುವ ಮೊದಲಿನ ಎರಡು ಮೂರು ತಿಂಗಳು ಬಲಿತ ಮಾವಿಗೆ ಬೇಕಾದದ್ದು ಒಣ ಮಣ್ಣು. ಹಿಂಗಾರಿನ ಹೆಚ್ಚಿನ ತೇವವನ್ನು ಹುರುಳಿ ಹೀರಿದರೆ ಮರಕ್ಕೆ ಉಪಕಾರವೇ. ನಮ್ಮ ಜಿಲ್ಲೆಗೆ ವರ್ಷಕ್ಕೆ ಬೀಳುವುದು ಸುಮಾರು 700 ಮಿಲಿಮೀಟರ್ ಮಳೆ. ಅದೂ ಒಂದೊಂದು ಸಂಜೆ ಧೋ ಎಂದು ಸುರಿದು ಹೋಗುತ್ತದೆ. ಉತ್ತು ಬೋಳಾಗಿಸಿದ ಕೆಂಪುಮಣ್ಣು ಆ ಏಟಿಗೆ ಕೆನೆಗಟ್ಟಿ, ನೀರನ್ನು ಒಳಗೆ ಬಿಟ್ಟುಕೊಳ್ಳದೆ ಹಳ್ಳಕ್ಕೆ ಹರಿಸುತ್ತದೆ. ಜೊತೆಗೆ ನೇಗಿಲು ಮೇಲ್ಮಣ್ಣಿನಲ್ಲಿರುವ ಉಣ್ಣುವ ಬೇರುಗಳನ್ನೇ ಕತ್ತರಿಸುತ್ತದೆ.

ಕಳೆದ ಏಪ್ರಿಲ್‌ನಲ್ಲಿ ಮಳವಳ್ಳಿ ಕಡೆಯ ಒಂದು ಸಪೋಟ ತೋಟದಲ್ಲಿ ನಿಂತಿದ್ದೆ. ಮಟಮಟ ಮಧ್ಯಾಹ್ನ. ಬೇಲಿಯ ಆಚೆ ಗುಡಿಸಿದಂಥ ನೆಲ, ಅಂಗೈ ಊರಲಾಗಲಿಲ್ಲ. ಈಚೆ, ಕೊಯ್ದು ಹಾಸಿದ ಅಲಸಂದೆಯ ಒಣಬಳ್ಳಿ ಸರಿಸಿದರೆ ಮಣ್ಣು ತಣ್ಣಗಿತ್ತು. ಬೆರಳು ಗೆಣ್ಣಿನವರೆಗೆ ಇಳಿಯಿತು, ಎರೆಹುಳುವಿನ ಹಿಕ್ಕೆ ಕೈಗೆ ಅಂಟಿತು. ಒಂದೇ ಮಣ್ಣು, ನಡುವೆ ಇದ್ದದ್ದು ನಾಲ್ಕು ಎಳೆ ತಂತಿ.

ಊರಿನವರ ಮಾತಿಗೆ ನೊಂದುಕೊಳ್ಳಬೇಡಿ. ಬೋಳು ನೆಲವೇ ಒಳ್ಳೆಯ ಬೇಸಾಯ ಎಂದು ಅವರಿಗೆ ಕಲಿಸಿದವರು ಬೇರೆ ಇದ್ದಾರೆ. ಒಮ್ಮೆ ಉತ್ತಮ ತೋಟದ ಬಹುಮಾನಕ್ಕೆ ತೀರ್ಪುಗಾರನಾಗಿ ಹೋಗಿದ್ದೆ. ಬಳ್ಳಿ ಹಬ್ಬಿದ್ದ ತೋಟವೊಂದನ್ನು ಜೊತೆಗಿದ್ದವರು ಗೇಟಿನಲ್ಲೇ ನೋಡಿ, ಅಚ್ಚುಕಟ್ಟಿಲ್ಲವೆಂದು ಅಂಕ ಕಳೆದರು. ಒಂದು ಹಿಡಿ ಮಣ್ಣು ಎತ್ತಿ ನೋಡಲಿಲ್ಲ. ಆ ರೈತನ ಮುಖ ಇಂದಿಗೂ ನನ್ನ ಕಣ್ಣ ಮುಂದಿದೆ. ಕಳೆನಾಶಕದ ಡಬ್ಬಿ ಕಿರಾಣಿ ಸಾಮಾನಿನಷ್ಟು ಸಲೀಸಾಗಿ ಸಿಗುತ್ತದೆ, ಹಸಿರುಗೊಬ್ಬರದ ಸೆಣಬಿನ ಬೀಜಕ್ಕೆ ಅಲೆಯಬೇಕು. ಕಬ್ಬಿನ ತರಗಿಗೆ ಬೆಂಕಿಯಿಟ್ಟು, ಅದೇ ಗದ್ದೆಗೆ ಗೊಬ್ಬರದ ಮೂಟೆ ಹೊರುತ್ತೇವೆ. ಮಂಡ್ಯದ ಆಕಾಶ ಹೊಗೆಯಾಗುವುದನ್ನು ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ನೆಲಕ್ಕೆ ಹಸಿರು ಹೊದಿಸುವುದೇನು ಹೊರಗಿನ ವಿದ್ಯೆಯೇ? ಜಪಾನಿನ ಸಹಜ ಕೃಷಿಕ ಫುಕುವೋಕಾ ಕಿತ್ತಳೆ ಜಾತಿಯ ಮರಗಳ ಕೆಳಗೆ ಬಿಳಿ ಕ್ಲೋವರ್ ಬೆಳೆಸಿದರು. ಅದು ತಂಪು ಸೀಮೆಯ ಗಿಡ. ನಮಗೆ ಹುರುಳಿ, ಅಲಸಂದೆ, ಸೆಣಬು ಇವೆ. ರಾಗಿ ಹೊಲದಲ್ಲಿ ಅವರೆ, ತೊಗರಿ, ಹುಚ್ಚೆಳ್ಳಿನ ಅಕ್ಕಡಿ ಸಾಲು ಹಿಡಿದವರ ಮೊಮ್ಮಕ್ಕಳು ನಾವು. ನಿಮ್ಮ ತಂದೆಯವರೂ ಚಿಕ್ಕಂದಿನಲ್ಲಿ ಆ ಸಾಲುಗಳಲ್ಲಿ ಓಡಾಡಿರುತ್ತಾರೆ. ನೀವು ಅವರೊಡನೆ ವಾದಕ್ಕಿಳಿದರೆ ತಪ್ಪು ಎಂದೇ ನನಗನ್ನಿಸುತ್ತದೆ. ಅವರನ್ನು ಕರೆದೊಯ್ದು ಒಂದು ಹುರುಳಿ ಗಿಡವನ್ನು ಮಣ್ಣುಸಮೇತ ಅಗೆಯಿರಿ. ಬೇರಿನ ಗಂಟನ್ನು ಉಗುರಿನಿಂದ ಸೀಳಿ ತೋರಿಸಿ. ಒಳಗೆ ನಸುಗೆಂಪಾಗಿದ್ದರೆ ಅದು ಗಾಳಿಯ ಸಾರಜನಕವನ್ನು ಹಿಡಿಯುತ್ತಿದೆ ಎಂದರ್ಥ.

ಆಮೇಲೆ ಕಾಯಿ ಕಟ್ಟುವ ಮೊದಲೇ ಕುಡುಗೋಲಿನಲ್ಲಿ ಕೊಯ್ದು ಮರಗಳ ಕೆಳಗೆ ಹಾಸಿ, ಬೇರು ನೆಲದಲ್ಲೇ ಇರಲಿ. ಬಿತ್ತನೆಗೂ ಮನೆಯ ಬಸ್ಸಾರಿಗೂ ನಾಲ್ಕು ಸಾಲು ಉಳಿಸಿ. ಯಾವ ನಾಲ್ಕು ಎಂದು ತಂದೆಯವರನ್ನೇ ಕೇಳಿ.