‘ಮನಸು ಮಲ್ಲಿಗೆ’ ನೋಡಿದವರಿಗೆ ‘ಸೈರಾಟ್’ ಬೇಕೇ?

ಮರಾಠಿ ಚಿತ್ರ ‘ಸೈರಾಟ್’ನ ಕನ್ನಡ ರೀಮೇಕ್ ‘ಮನಸು ಮಲ್ಲಿಗೆ’ಯನ್ನು ಟಿ.ವಿ.ಯಲ್ಲಿ ನೋಡಿದ್ದೇನೆ, ಕಥೆ ಗೊತ್ತು, ನನ್ನ ಅರೆಬರೆ ಮರಾಠಿಯಲ್ಲಿ ಮತ್ತೆ ‘ಸೈರಾಟ್’ ನೋಡಬೇಕೇ ಎಂದು ಕೇಳಿದ್ದೀರಿ. ಪುಣೆಯಲ್ಲಿದ್ದುಕೊಂಡು ಇಂಥ ಪ್ರಶ್ನೆಯೇ! ಖಂಡಿತ ನೋಡಿ.

ನಾಯಕಿ ರಿಂಕು ರಾಜಗುರು ಎರಡರಲ್ಲೂ ಇದ್ದಾರೆ, ನಿಜ. ಆದರೆ 2016ರ ಮೂಲದಲ್ಲಿ ನಿರ್ದೇಶಕ ನಾಗರಾಜ್ ಮಂಜುಳೆ ಸೋಲಾಪುರ ಜಿಲ್ಲೆಯ ತಮ್ಮ ಕರಮಾಳಾ ಸೀಮೆಯನ್ನೇ ಒಂದು ಪಾತ್ರವಾಗಿಸಿದ್ದಾರೆ. ಬಾವಿಕಟ್ಟೆಯಲ್ಲಿ, ಊರಿನ ಕ್ರಿಕೆಟ್ ಪಂದ್ಯದಲ್ಲಿ ಜಾತಿಯ ಲೆಕ್ಕಾಚಾರ ತಾನಾಗಿ ಕಾಣುತ್ತದೆ. ಕನ್ನಡದಲ್ಲಿ ಅದು ನನಗೆ ತೆಳುವೆನಿಸಿತು. ಬೇರೆ ಬೇರೆ ಜಾತಿಯ ಪ್ರೇಮಿಗಳು ಹೈದರಾಬಾದಿಗೆ ಓಡಿಹೋದ ಮೇಲಿನ ಸಂಸಾರದ ತಾಪತ್ರಯವನ್ನು ಕೆಲವರು ಎಳೆದಾಟ ಎನ್ನುತ್ತಾರೆ. ಚಿತ್ರ ಗಟ್ಟಿಯಾಗುವುದೇ ಅಲ್ಲಿ. ಕೊನೆಯಲ್ಲಿ ಧ್ವನಿ ನಿಂತರೆ ಟಿ.ವಿ. ಕೆಟ್ಟಿತೆಂದು ರಿಮೋಟ್ ಒತ್ತಬೇಡಿ.

ಮರಾಠಿಯ ಚಿಂತೆ ಬೇಡ. ಅದು ಸೋಲಾಪುರದ ಕಡೆಯ ಮಾತು, ಸಬ್‌ಟೈಟಲ್ ಹಾಕಿಕೊಂಡರೆ ಸಾಕು.